ಜಲಜಾಳ ಎರಡು ನಿಮಿಷದ ಮೌನ

ಪಶ್ಚಿಮ ತಾಂಬರಂನ ಜಲಜಾ ಮಾತಿನ ಮಲ್ಲಿ. ವಿಮಾ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಮಾತಾಡಿ, ಮನೆಗೆ ಬರುವ ಎಲೆಕ್ಟ್ರಿಕ್ ಟ್ರೈನಿನಲ್ಲೂ ಮಾತಾಡಿ, ಮಿಕ್ಕಿದ್ದನ್ನು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಮುಗಿಸುತ್ತಿದ್ದಳು. ಇಂಥವಳಿಗೆ, ಮನೆಯಲ್ಲೇ ಸೆಟ್ಟಿಟ್ಟುಕೊಂಡು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಹುಚ್ಚು ಹಿಡಿಸಿದವನು ಅವಳ ಗಂಡ ತಿರುಮಲೇಶ, ಎಗ್ಮೋರಿನ ರೈಲ್ವೆ ಕಚೇರಿಯ ಗುಮಾಸ್ತ. ಮಾಡಿದ್ದುಣ್ಣೋ ಮಹಾರಾಯ! ಪರೀಕ್ಷೆ ಪಾಸು ಮಾಡಿ ಅವಳೂ ಲೈಸೆನ್ಸ್ ತೆಗೆದುಕೊಂಡ ಮೇಲೆ ಸೆಟ್ಟು ಅವನ ಕೈಗೆ ಸಿಗುವುದೇ ಅಪರೂಪವಾಯಿತು.

ಮಾತಿಗೇನೋ ಅವಳು ಸೈ. ಎಡವಟ್ಟಾದದ್ದು ಚಿತ್ರ ಕಳಿಸುವಾಗ. ಹೌದು ಸ್ವಾಮಿ, ರೇಡಿಯೋದಲ್ಲಿ ಚಿತ್ರವನ್ನೂ ಕಳಿಸಬಹುದು. ಕಂಪ್ಯೂಟರು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದಿ ಕೀಂ ಕೀಂ ಎಂದು ಹಾಡುತ್ತದೆ. ಸ್ಪೀಕರಿನ ಮುಂದೆ ಮೈಕು ಹಿಡಿದರೆ ಆ ಹಾಡು ಗಾಳಿಯಲ್ಲಿ ಹೋಗುತ್ತದೆ, ಅತ್ತಲಿನ ಕಂಪ್ಯೂಟರು ಕೇಳಿಸಿಕೊಂಡು ಅದೇ ಚಿತ್ರ ಬಿಡಿಸುತ್ತದೆ. ಎರಡು ನಿಮಿಷದ ಕೆಲಸ. ಅಷ್ಟು ಹೊತ್ತು ಕೋಣೆಯಲ್ಲಿ ಯಾರೂ ಪಿಟಕ್ಕೆನ್ನಬಾರದು. ಅಂದರೋ, ಅಂದದ್ದೆಲ್ಲ ಚಿತ್ರದ ಮೇಲೆ ಬಣ್ಣದ ಅಡ್ಡಗೆರೆಯಾಗಿ ಮೂಡುತ್ತದೆ.

ಜಲಜಾ ಮೊದಲು ಕಳಿಸಿದ್ದು ಗಂಡನ ಫೋಟೋ. ಆಗ ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗಿತು. ಅಂಗಾರ ಅಕ್ಷತೆಯ ವೈಷ್ಣವ ಮನೆತನದ ತಿರುಮಲೇಶನ ಹಣೆಯ ಮೇಲೆ ಸಾಕ್ಷಾತ್ ವಿಭೂತಿಯ ಮೂರು ಪಟ್ಟೆ! ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಧಾರವಾಡದ ಬಸವಣ್ಣೆಮ್ಮ ಅತ್ತಲಿನವರು ಕೊಟ್ಟ ಪ್ರಿಂಟು ನೋಡಿ, ನಿಮ್ಮವರು ಈಗ ನಮ್ಮವರಾದರು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ಎರಡನೆಯ ಸಲ ಹೂವಿನವಳ ಜೊತೆ ಚೌಕಾಸಿ, ಮೂರನೆಯ ಸಲ ಬರೀ ಒಂದು 'ಅಯ್ಯೋ'. ಒಂದು ಚಿತ್ರವೂ ನೆಟ್ಟಗೆ ಹೋಗಲಿಲ್ಲ.

ತ್ರಿಪ್ಲಿಕೇನಿನ ಲಾಡ್ಜೊಂದರ ತಾರಸಿಯಲ್ಲಿ ಇವರ ಕ್ಲಬ್ಬು. ಅದರ ಹಿರಿಯ ವಿಷ್ಣುಮೂರ್ತಿ, ವಿಪತ್ತಿನ ಕಾಲಕ್ಕೆ ಯಾರು ಏನು ಮಾಡಬೇಕೆಂದು ಹಂಚುವಾಗ ಎಲ್ಲರೆದುರೇ, ಜಲಜಾಗೆ ಚಿತ್ರದ ಕೆಲಸ ಬೇಡ, ಆಕೆಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ ಎಂದುಬಿಟ್ಟರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಒಂದೇ ಒಂದು ಗೆರೆಯಿಲ್ಲದ ಚಿತ್ರ ಕಳಿಸಿ ಆ ಮನುಷ್ಯನ ಮೂಗಿನ ಕೆಳಗೆ ಹಿಡಿಯಬೇಕು ಎಂದು ಹಟ ತೊಟ್ಟಳು.

ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ಮುಂಚೆ ಮಳೆ ಹೊಡೆಯಿತು ನೋಡಿ, ತಾಂಬರಂ ಕೆರೆಯಾಯಿತು. ಕರೆಂಟಿಲ್ಲ, ಫೋನಿಲ್ಲ. ಬಸವಣ್ಣೆಮ್ಮ ತುಂಬು ಬಸುರಿ ಸೊಸೆ ಸಂಗೀತಾಳ ಕೈ ಹಿಡಿದು ಮೇಲಕ್ಕೆ ಬಂದಳು. ಹಿಂದೆಯೇ ಓಣಿಯ ಅರ್ಧ ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಸಂಗೀತಾಳಿಗೆ ನೋವು ಶುರುವಾಯಿತು.

ತಿರುಮಲೇಶ ಮನೆಗೆ ಬರಲಾಗದೆ ತಾಂಬರಂ ರೈಲ್ವೆ ಸ್ಟೇಷನ್ನಿನ ಪಕ್ಕದ ಕಲ್ಯಾಣ ಮಂಟಪದಲ್ಲಿ ಸಿಕ್ಕಿಕೊಂಡಿದ್ದ. ಅಲ್ಲೇ ವಿಷ್ಣುಮೂರ್ತಿಯವರೂ ಸೆಟ್ಟು, ಲ್ಯಾಪ್‌ಟಾಪು, ಪ್ರಿಂಟರು ಇಟ್ಟುಕೊಂಡು ಕೂತಿದ್ದರು. ದೋಣಿಗಳು ಹೊರಡುವುದೂ ಅಲ್ಲಿಂದಲೇ. ಜಲಜಾ ರೇಡಿಯೋದಲ್ಲಿ ವಿಷಯ ಹೇಳಿದಳು. ಒಂದು ದೋಣಿ ಬಂತು, ಆದರೆ ಅಡ್ಡರಸ್ತೆಗಳ ಬೋರ್ಡೆಲ್ಲ ಮುಳುಗಿದ್ದರಿಂದ ತಪ್ಪು ಓಣಿಗೆ ನುಗ್ಗಿ, ನೀರಿನಡಿಯ ಕಾಂಪೌಂಡು ಗೋಡೆಗೆ ತಗುಲಿ ವಾಪಸು ಹೋಯಿತು. ಬಾಯಲ್ಲಿ ಎಷ್ಟು ದಾರಿ ಹೇಳಿದರೂ ದೋಣಿಯವರಿಗೆ ತಲೆಬುಡ ಅರ್ಥವಾಗಲಿಲ್ಲ. ನಕ್ಷೆಯೇ ಬೇಕು ಎಂದರು.

ಜಲಜಾ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ನಕ್ಷೆ ಬರೆದಳು. ಮುಳುಗಿದ ಗೋಡೆ, ಮೋರಿ, ಟ್ರಾನ್ಸ್‌ಫಾರ್ಮರು, ಪಿಳ್ಳೆಯಾರ್ ಗಣಪನ ಗುಡಿಯ ಹಿಂದಿನಿಂದ ಬರುವ ದಾರಿ. ಇನ್ವರ್ಟರಿನಲ್ಲಿ ಉಸಿರಾಡುತ್ತಿದ್ದ ಕಂಪ್ಯೂಟರಿನ ಕ್ಯಾಮೆರಾಕ್ಕೆ ಅದನ್ನು ತೋರಿಸಿದಳು. ಆಮೇಲೆ ತಿರುಗಿ ನೋಡಿದರೆ ಮನೆಯೇ ಮೀನು ಮಾರ್ಕೆಟ್ಟು. ಮಗಳು ಶ್ರೀಯಾ, "ಅಮ್ಮಾ, ಮೊದಲ್ಲ ನೀಂಗ ಪೇಸಾದೀಂಗ" ಎಂದು, ಮೊದಲು ನೀನು ಮಾತಾಡಬೇಡ ಅಂತ, ತಮಿಳಿನಲ್ಲಿ ಮೆಲ್ಲಗೆ ಚುಚ್ಚಿದಳು.

ಜಲಜಾ ಸೀದಾ ಅಡುಗೆಮನೆಗೆ ಹೋಗಿ ಹಬ್ಬಕ್ಕೆಂದು ಕಟ್ಟಿದ್ದ ರವೆ ಉಂಡೆಯ ಡಬ್ಬಿ ತಂದಳು. ಒಬ್ಬೊಬ್ಬರ ಬಾಯಿಗೂ ಒಂದೊಂದು ಇಡೀ ಉಂಡೆ. ಅಗಿಯಬಾರದು, ನುಂಗಬಾರದು, ಕೀಂ ಕೀಂ ನಿಲ್ಲುವವರೆಗೆ ಹಾಗೇ ಇಟ್ಟುಕೊಳ್ಳಬೇಕು ಎಂದು ಅಪ್ಪಣೆ ಮಾಡಿದಳು.

ಬಸವಣ್ಣೆಮ್ಮ ಉಂಡೆಯನ್ನು ಕೈಯಲ್ಲೇ ಹಿಡಿದು ಕೇಳಿದಳು: "ಹಡಿಯಾಕಿ ಒದರದ ಹ್ಯಾಂಗಿರಬೇಕವಾ? ಆಕಿ ಬಾಯಿಗೂ ಉಂಡಿ ತುರುಕ್ತೀ ಏನ?"

"ಅವಳಿಗೆ ಬೇಡ. ನೋವು ಇಳಿದ ತಕ್ಷಣ ಕೈ ಎತ್ತಲಿ. ಇನ್ನೊಂದು ನೋವು ಬರೋ ಅಷ್ಟರಲ್ಲಿ ಕಳಿಸಿಬಿಡ್ತೀನಿ."

ಸಂಗೀತಾ ಕೈ ಎತ್ತಿದಳು. ಜಲಜಾ ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ತನ್ನ ಬಾಯಿಗೇ ತುರುಕಿಕೊಂಡು ಮೈಕು ಒತ್ತಿದಳು. ಕೀಂ ಕೀಂ ಶುರುವಾಯಿತು. ಸುತ್ತ ಇಷ್ಟೆಲ್ಲ ಜನ, ಎಲ್ಲರ ಕೆನ್ನೆಯೂ ಪೂರಿಯ ಹಾಗೆ ಉಬ್ಬಿದೆ! ಶ್ರೀಯಾ ನಗು ತಡೆಯಲಾರದೆ ಗೋಡೆಗೆ ಮುಖ ಒತ್ತಿ ನಿಂತಳು. ಬಸವಣ್ಣೆಮ್ಮನ ಹೆಗಲು ಕುಣಿಯತೊಡಗಿತು. ಸಂಗೀತಾ, ಆ ಸಂಕಟದಲ್ಲೂ, ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಕ್ಕಳು. ಜಲಜಾಳ ಕಣ್ಣಲ್ಲಿ ನೀರು ಧಾರಾಕಾರ. ದೇವರೇ, ಇದೊಂದು ಹೋಗಲಿ, ಆಮೇಲೆ ಜನ್ಮವಿಡೀ ಮೂಗಿಯಾಗಿರುತ್ತೇನೆ ಎಂದು ಹರಕೆ ಹೊತ್ತಳು. ಪಾಪ, ದೇವರು ನಂಬಿರಲಾರ.

ಇನ್ನೇನು ಮುಗಿಯಬೇಕು, ಕೊನೆಯ ನಾಲ್ಕಾರು ಗೆರೆ ಉಳಿದಿತ್ತು, ಸಂಗೀತಾ ಕಿಟಾರನೆ ಕೂಗಿದಳು.

ರೇಡಿಯೋದಲ್ಲಿ ವಿಷ್ಣುಮೂರ್ತಿಯವರ ದನಿ ಬಂತು. "ಜಲಜಾ, ಕೊನೇಲಿ ಕೆಂಪು ಗೆರೆ ಬಿದ್ದಿದೆ. ಇವತ್ತೂ ಬಾಯಿ ಬಿಟ್ಟಿರಾ?"

ಉತ್ತರಕ್ಕೆ ಅವಳ ಬಾಯಿ ಖಾಲಿಯಿಲ್ಲ. ಅವಳು ಸುಮ್ಮನೆ ಮೈಕನ್ನು ಸಂಗೀತಾಳ ಕಡೆ ಹಿಡಿದಳು.

ಆ ಕೂಗು ಕೇಳಿ ವಿಷ್ಣುಮೂರ್ತಿಯವರು ತಗ್ಗಿದ ದನಿಯಲ್ಲಿ, ನಕ್ಷೆ ಸ್ಪಷ್ಟವಾಗಿದೆ, ಪ್ರಿಂಟು ದೋಣಿಯವರ ಕೈಯಲ್ಲಿದೆ, ತಿರುಮಲೇಶನೂ ಹತ್ತಿದ್ದಾನೆ ಎಂದರು. ದೋಣಿ ಗುಡಿಯ ಹಿಂದಿನಿಂದ, ಗೋಡೆ ತಪ್ಪಿಸಿಕೊಂಡು, ನೆಟ್ಟಗೆ ಮನೆಯ ಮೆಟ್ಟಿಲಿಗೇ ಬಂತು. ಸಂಜೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮಾಧವಿ ಎಂದು ಹೆಸರಿಟ್ಟರು.

ನಕ್ಷೆಗೆ ಕ್ಲಬ್ಬಿನಲ್ಲಿ ಫ್ರೇಮು ಹಾಕಿಸುವಾಗ ವಿಷ್ಣುಮೂರ್ತಿ, ಕೆಳಗಿನ ಗೆರೆ ಕತ್ತರಿಸಿದರೆ ಚೊಕ್ಕವಾಗುತ್ತದೆ, ಗೆದ್ದಿರಿ ನೀವು ಎಂದು ತಾವಾಗೇ ಹೇಳಿದರು. ಹಟ ತೊಟ್ಟವಳೇ ಅಡ್ಡ ನಿಂತಳು. "ಅದನ್ನ ಮುಟ್ಟಿದರೆ ನೋಡಿ ಮತ್ತೆ."

ಈಗ ಮಾಧವಿ ಎಲ್‌ಕೆಜಿ. ಜಲಜಾ ಅವಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋದಾಗೆಲ್ಲ, ಇದು ನಿನ್ನ ಮೊದಲನೇ ಫೋಟೋ ಎಂದು ಆ ಫ್ರೇಮು ತೋರಿಸುತ್ತಾಳೆ. ಮಗು ಗೋಡೆ, ಮೋರಿ, ಗುಡಿ ಎಲ್ಲ ಹುಡುಕಿ, "ನಾನ್ ಎಂಗ ಆಂಟಿ?" ಎಂದು, ತಾನೆಲ್ಲಿ ಎಂಬುದನ್ನು ತಮಿಳಿನಲ್ಲೇ ಕೇಳುತ್ತದೆ. ಮಾತಿನ ಮಲ್ಲಿ ಆಗ ಮಾತ್ರ ಒಂದು ಮಾತೂ ಆಡುವುದಿಲ್ಲ. ಮಗುವಿನ ಬೆರಳು ಹಿಡಿದು ಆ ಕೆಂಪು ಗೆರೆಯ ಮೇಲೆ ಇಡುತ್ತಾಳೆ.