ಅಕ್ಕೋರು ಮೀನು ತಗೊಂಡ ಪ್ರಕರಣ

ಕೊರೋನಾ ಮುಗಿದು ಶಾಲೆಗಳು ಮತ್ತೆ ಹಳಿಗೆ ಬಂದ ವರ್ಷ ನಾನು ಕಾರವಾರದಲ್ಲಿ ಶಿಕ್ಷಣ ಸಂಯೋಜಕನಾಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಅಂದರೆ ಬಿಇಒ ಸಾಹೇಬರಿಗೂ, ಶಾಲೆಗಳಿಗೂ ನಡುವೆ ಓಡಾಡುವುದು. ಮೇಲಿನ ಸುತ್ತೋಲೆಯನ್ನು ಕೆಳಗೆ ಮುಟ್ಟಿಸಬೇಕು, ಕೆಳಗಿನ ದೂರನ್ನು ವಿಚಾರಿಸಿ ಮೇಲೆ ವರದಿ ಕೊಡಬೇಕು. ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ಹುದ್ದೆಯ ಜೊತೆಗೇ ಬರುವ ಭತ್ಯೆ.

ದೂರುಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಬಿಸಿಯೂಟದ ಸಾಂಬಾರು ನೀರಾಗಿದೆ, ಮಾಸ್ತರು ತಡವಾಗಿ ಬರುತ್ತಾರೆ, ಮೊಬೈಲಿನಲ್ಲೇ ಮುಳುಗಿರುತ್ತಾರೆ. ಆ ವರ್ಷ ಬೈತಖೋಲ ಬಂದರಿನ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಿಂದ ಬಂದ ದೂರು ಮಾತ್ರ ತಲೆಕೆಳಗಾಗಿತ್ತು. ಅಲ್ಲಿನ ಅಕ್ಕೋರು ಬಹಳ ಬೇಗ ಬರುತ್ತಾರಂತೆ! ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಶಾಲೆಯ ಪಕ್ಕದ ಮನೆಯವರು ಸಹಿ ಹಾಕಿ ಮೂರು ಆರೋಪ ಮಾಡಿದ್ದರು. ಬೆಳಕು ಹರಿಯುವ ಮೊದಲೇ ಶಾಲೆ ತೆರೆದು ಗಲಾಟೆಯಾಗುತ್ತದೆ. ಮಕ್ಕಳು ತರಗತಿಯಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಇದಕ್ಕೆಲ್ಲ ಅಕ್ಕೋರು ತಾಯಂದಿರಿಂದ ಮೀನು ವಸೂಲಿ ಮಾಡುತ್ತಾರೆ.

ಮೊದಲ ಎರಡನ್ನು ಬುದ್ಧಿಮಾತು ಹೇಳಿ ಮುಗಿಸಬಹುದಿತ್ತು. ಮೂರನೆಯದು ಹಾಗಲ್ಲ. ಸರ್ಕಾರಿ ನೌಕರರು ತಮ್ಮ ಕೆಲಸಕ್ಕೆ ಪ್ರತಿಯಾಗಿ ಜನರಿಂದ ಏನನ್ನೂ ಪಡೆಯಬಾರದು ಎಂದು ನಡತೆ ನಿಯಮ ಹೇಳುತ್ತದೆ. ರೂಪಾಯಿಯಾದರೂ ಅಷ್ಟೇ, ಬಂಗಡೆ ಮೀನಾದರೂ ಅಷ್ಟೇ. ಆರೋಪ ಗಟ್ಟಿಯಾದರೆ ಶಿಸ್ತುಕ್ರಮ, ಜೊತೆಗೆ ಬೇರೆ ಶಾಲೆಗೆ ಎತ್ತಂಗಡಿ.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ಬಂದರಿನಲ್ಲಿ ಬೋಟುಗಳು ಹಿಂತಿರುಗಿದ್ದವು. ಮೀನಿನ ಲಿಲಾವು, ಅಂದರೆ ಹರಾಜು, ಕೂಗುವವರ ದನಿ ಶಾಲೆಯ ಅಂಗಳದವರೆಗೂ ಕೇಳುತ್ತಿತ್ತು. ಅಲ್ಲಿನ ಹೆಂಗಸರು ಲಿಲಾವಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಮೊದಲ ಬಸ್ಸಿಗೆ ಅಂಕೋಲೆಗೋ ಹಳ್ಳಿಗಳಿಗೋ ಮಾರಲು ಹೋಗುತ್ತಾರೆ. ಗಂಡಂದಿರು ಆಳಸಮುದ್ರಕ್ಕೆ ಹೋಗುವ ದೊಡ್ಡ ಬೋಟಿನ ಮೇಲೆ. ಒಮ್ಮೆ ಹೋದರೆ ವಾರಗಟ್ಟಲೆ ಕಾಣುವುದಿಲ್ಲ. ಶಾಲೆಯೊಳಗೆ ಹತ್ತಿಪ್ಪತ್ತು ಮಕ್ಕಳಿದ್ದರು. ಕೆಲವರು ನಲ್ಲಿಯ ಹತ್ತಿರ ಹಲ್ಲು ಉಜ್ಜುತ್ತಿದ್ದರು, ಕೆಲವರು ಚಾಪೆಯ ಮೇಲೆ ಮುಸುಕು ಹಾಕಿ ಮಲಗಿದ್ದರು. ಲಲಿತಾ ಅಕ್ಕೋರು ಒಂದು ಹುಡುಗಿಯ ಜಡೆ ಹಾಕುತ್ತಿದ್ದರು. ಅಮದಳ್ಳಿಯವರು, ಅಲ್ಲಿಂದ ಕತ್ತಲಲ್ಲೇ ಸ್ಕೂಟರಿನಲ್ಲಿ ಬರುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಜಡೆ ಮಾತ್ರ ಬಿಡಲಿಲ್ಲ.

ದೂರನ್ನು ಓದಿ ಹೇಳಿದೆ. ಮೀನು ತಗೊಂಡದ್ದು ಹೌದೋ ಎಂದು ಕೇಳಿದೆ.

"ಹೌದು ಸರ್, ಸುಳ್ಳು ಹೇಳೂದಿಲ್ಲ" ಎಂದರು. "ಮೊದ್ಲು ಬ್ಯಾಡ ಅಂದಿದ್ದೆ. ಮರುದಿನ ಒಂದ್ ಮಗೂನೂ ಬರ್ಲಿಲ್ಲ."

"ಅದ್ಯಾಕೆ?"

"ಪುಕ್ಕಟೆ ಮಕ್ಳನ್ನ ಬಿಟ್ಟು ಹೋಗೂಕೆ ಅವ್ರಿಗೆ ನಾಚ್ಕೆ ಸರ್. ಎರಡು ಬಂಗಡೆ ಕೈಲಿ ಇಟ್ರೆ ತಲೆ ಎತ್ತಿ ಹೋಗ್ತ್ರು."

ಅಕ್ಕೋರು ತಪ್ಪು ಒಪ್ಪಿಕೊಂಡ ಮೇಲೆ ನನಗೆ ಉಳಿದದ್ದು ಒಂದೇ ದಾರಿ. ಪಾಲಕರು ಆಕೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ವರದಿಯಲ್ಲಿ ಅದನ್ನೂ ಸೇರಿಸಬಹುದು, ಶಿಕ್ಷೆ ಹಗುರವಾಗಬಹುದು. ಓದು ಚೆನ್ನಾಗಿದೆ, ಮಗ್ಗಿ ಬಾಯಿಗೆ ಬಂದಿದೆ, ಅಕ್ಷರ ದುಂಡಗಾಗಿದೆ, ಅಷ್ಟು ಸಾಕಿತ್ತು. ಸಮುದ್ರ ಕೆಟ್ಟು ಬೋಟು ಹೊರಡದ ಒಂದು ದಿನ ನೋಡಿ ಸಭೆ ಕರೆದೆ. ಇಲ್ಲದಿದ್ದರೆ ಆ ತಾಯಂದಿರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ. ಅಂದು ಕೋಣೆ ತುಂಬಿತ್ತು.

"ಈ ಶಾಲೆಯಲ್ಲಿ ನಿಮಗೆ ಏನು ಹಿಡಿಸಿದೆ, ಧೈರ್ಯವಾಗಿ ಹೇಳಿ" ಎಂದೆ.

ಮೊದಲು ಎದ್ದವಳು ತುಳಸಿ. ಅಕ್ಕೋರ ಮೇಲೆ ಏನೋ ಮೀನಿನ ಮಾತು ಬಂದಿದೆ ಎಂದಷ್ಟೇ ಆಕೆಗೆ ಗೊತ್ತು. ತಾಯಂದಿರು ಕೊಟ್ಟದ್ದು ಸಾಲದು, ಅಕ್ಕೋರಿಗೆ ತಕ್ಕ ಮರ್ಯಾದೆ ಆಗಿಲ್ಲ ಎಂಬ ದೂರು ಅದು ಎಂದು ತಿಳಿದಿದ್ದಳು. "ನಮ್ಮ ಅಕ್ಕೋರು ಬಾಳ ಒಳ್ಳೇವ್ರು ಸಾಯೇಬ್ರೆ. ನಾ ಎಂತದೂ ಕಡ್ಮೆ ಮಾಡ್ಲಿಲ್ಲ. ವಾರಕ್ಕೆ ನಾಕು ಬಂಗಡೆ ಕೊಡ್ತೆ" ಎಂದಳು.

ಪಕ್ಕದಲ್ಲಿದ್ದ ಗಿರಿಜಾಳಿಗೆ ಇದು ತಡೆಯಲಿಲ್ಲ. "ನಾಕು ಬಂಗಡೆ ಎಂತಾ ದೊಡ್ಡ ಸುದ್ದಿ? ನಾ ಶೆಟ್ಲಿ ಕೊಟ್ಟಿದೆ. ಸುಲಿದು ಕೊಟ್ಟಿದೆ!" ಶೆಟ್ಲಿ ಎಂದರೆ ಸಿಗಡಿ.

ಅಲ್ಲಿಗೆ ಸಭೆ ನನ್ನ ಕೈ ತಪ್ಪಿತು. ದಿನಾ ಬೆಳಗಾದರೆ ಒಬ್ಬರ ಮೇಲೊಬ್ಬರು ಕೂಗಿ ದರ ಏರಿಸುವ ಬಾಯಿಗಳು ಅವು. ಒಬ್ಬಳು ಪಾಂಪ್ಲೆಟ್ ಎಂದರೆ ಇನ್ನೊಬ್ಬಳು ಅದರ ಎರಡು ಪಟ್ಟು ಎಂದಳು. ಹಿಂದಿನಿಂದ ಒಬ್ಬಳು ಕೈ ಎತ್ತಿ, "ನಾ ಇಡೀ ಒಂದ್ ಇಸವಾಣ ಕೊಟ್ಟಿದೆ!" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಇಸವಾಣ ಎಂದರೆ ದೊಡ್ಡ ಅಂಜಲ್ ಮೀನು, ಅದರ ಬೆಲೆ ಕರಾವಳಿಯವರಿಗೆ ಹೇಳಬೇಕಿಲ್ಲ. ಆ ಕೇರಿಯಲ್ಲಿ ಯಾರೂ ಇಡೀ ಇಸವಾಣವನ್ನು ಸ್ವಂತ ಅಳಿಯನಿಗೂ ಕೊಟ್ಟಿರಲಿಕ್ಕಿಲ್ಲ. ಶಾಲೆಯ ಹೊಗಳಿಕೆ ಎಂದುಕೊಂಡು ಅವರು ಆಡಿದ ಒಂದೊಂದು ಮಾತೂ ಅಕ್ಕೋರ ಕೊರಳಿಗೆ ಉರುಳಾಗುತ್ತಿತ್ತು. ಲಲಿತಾ ಅಕ್ಕೋರು ತಲೆ ತಗ್ಗಿಸಿ ಕೂತಿದ್ದರು. ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಸಾಕು ಮಾರಾಯ್ತಿಯರೇ, ಮೀನು ತಗೊಂಡದ್ದೇ ತಪ್ಪು ಅಂತ ದೂರು!" ಎಂದು ಜೋರಾಗಿಯೇ ಹೇಳಿದೆ. "ಇದಕ್ಕಾಗಿ ಅಕ್ಕೋರನ್ನು ಇಲ್ಲಿಂದ ತೆಗೆಯಬಹುದು."

ಇಸವಾಣದವಳು ನಿಧಾನಕ್ಕೆ ಕೂತಳು. ಆಗ ಶೇವಂತಿ ಎಂಬವಳು ಎದ್ದಳು. ಆಕೆಯ ಮಗ ಆ ವರ್ಷವಷ್ಟೇ ಒಂದನೇ ಇಯತ್ತೆಗೆ ಸೇರಿದ್ದ.

"ಇವ ಶಾಲೆಗೆ ಬರೂಕೆ ಮೊದ್ಲು ನಾ ಹೆಂಗೆ ಬಂದರಿಗೆ ಹೋಗ್ತಿದ್ದೆ, ಗೊತ್ತಿತ್ತಾ ಸಾಯೇಬ್ರೆ? ಸೊಂಟಕ್ಕೆ ಬಲೆ ಹಗ್ಗ ಹಾಕಿ ಜಗಲಿ ಕಂಬಕ್ಕೆ ಕಟ್ಟಿ ಹೋಗ್ತಿದ್ದೆ. ಸಮುದ್ರ ಬಾಗ್ಲಲ್ಲೇ ಇತ್ತು. ನೋಡೂಕೆ ಮನೇಲಿ ಯಾರೂ ಇಲ್ಲ. ನಾ ಬರೂ ತನ್ಕ ಅಂವ ಅಲ್ಲೇ ಉಂಡು ಅಲ್ಲೇ ಮನ್ಕಂತಿದ್ದ." ಆಮೇಲೆ ನನ್ನನ್ನೇ ಕೇಳಿದಳು. "ಅಕ್ಕೋರನ್ನ ತೆಗದ್ರೆ ಮತ್ತೆ ಕಟ್ಟೂದೇಯಾ?"

ನಾನು ಇಲಾಖೆಯಲ್ಲಿ ಎಷ್ಟೋ ಪಾಲಕರ ಸಭೆ ಮಾಡಿದವನು. ಇಂಗ್ಲಿಷ್ ಬೇಕು, ಕಂಪ್ಯೂಟರ್ ಬೇಕು, ಶಿಸ್ತು ಬೇಕು ಎಂದವರಿಗೆ ಉತ್ತರ ಕೊಟ್ಟು ರೂಢಿಯಿತ್ತು. ಅಂದು ಮಾತ್ರ ಸಭೆಯನ್ನು ಅಲ್ಲಿಗೇ ಮುಗಿಸಿ ನೆಟ್ಟಗೆ ಕಚೇರಿಗೆ ಹೊರಟೆ.

ಬಿಇಒ ಸಾಹೇಬರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಗ್ಗದ ಮಾತು ಬರೀಬೇಡಿ, ಆ ತಾಯಿ ಮೇಲೆ ಬೇರೇನೇ ಕೇಸಾಗ್ತದೆ. ಇಸವಾಣವನ್ನೂ ಬಿಡಿ" ಎಂದರು. ಬಂಗಡೆ ಮಾತ್ರ ಬರೆದೆ. ಮೀನು ತಗೊಂಡದ್ದು ನಿಜ, ಇನ್ನು ತಗೊಳ್ಳಬಾರದೆಂದು ಎಚ್ಚರಿಕೆ ಕೊಡಬಹುದು. ಬೇಗ ತೆರೆಯುವುದನ್ನು ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಪಾಲಕರೇ ಇರುವ ಎಸ್‌ಡಿಎಂಸಿ, ಠರಾವು ಮಾಡಿ ತನ್ನ ಹೊಣೆಗೆ ತೆಗೆದುಕೊಳ್ಳಬಹುದು. ಎಚ್ಚರಿಕೆಯಲ್ಲೇ ಮುಗಿಯಿತು. ಲಲಿತಾ ಅಕ್ಕೋರು ಅಲ್ಲೇ ಉಳಿದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೀನು ನಿಲ್ಲಿಸಿ ಎಂದ ಮರುದಿನ ಬೆಳಿಗ್ಗೆ ಚಾಪೆ ಖಾಲಿ. ಅಕ್ಕೋರು ಹೇಳಿದ್ದೇ ಸರಿಯಾಯಿತು. ಮೀನು ಬೇಡವೆಂದರೆ ಮಕ್ಕಳನ್ನೂ ಬಿಡುವುದಿಲ್ಲ ಎಂದು ತಾಯಂದಿರು ಹಟ ಹಿಡಿದರು. ನಾನು ಮತ್ತೆ ಓಡಿದೆ.

ದಾರಿ ತೋರಿಸಿದ್ದು ಇಸವಾಣದವಳೇ. ದಿನಕ್ಕೊಬ್ಬ ತಾಯಿ ಗಂಟೆ ಹೊಡೆಯುವವರೆಗೆ ಶಾಲೆಯಲ್ಲಿ ಕೂತು ಮಕ್ಕಳನ್ನು ನೋಡಿಕೊಂಡು, ಆಮೇಲೆ ಮಾರಲು ಹೋಗುವುದು. ಅಂದು ಆಕೆಯ ಪಾಲಿನ ಮೀನನ್ನು ಉಳಿದವರು ಲಿಲಾವಿನಲ್ಲಿ ಕೊಂಡು ಬುಟ್ಟಿ ತುಂಬಿಸಿ ತಂದುಕೊಡುವುದು. "ಹಂಗಾದ್ರೆ ಯಾರ ಹಂಗೂ ಇಲ್ಲ, ಅಲಾ?" ಎಂದಳು. ಸರದಿ ಶುರುವಾಯಿತು. ಅಕ್ಕೋರು ಆಮೇಲೂ ಕತ್ತಲಲ್ಲೇ ಬರುತ್ತಿದ್ದರು. ದೂರು ಕೊಟ್ಟವರ ಹೆಂಡತಿ ಒಂದೆರಡು ಸಲ ಚಹಾ ಕಳಿಸಿದ್ದೂ ಉಂಟಂತೆ.

ಆಮೇಲೆ ಯಾವ ಶಾಲೆಗೆ ಹೋದರೂ ಪಾಲಕರನ್ನು 'ನಿಮಗೆ ಏನು ಹಿಡಿಸಿದೆ' ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಜನ ನಮಗೆ ಬೇಕಾದ ಉತ್ತರ ಕೊಡುತ್ತಾರೆ, ಇಲ್ಲವೇ ಬೈತಖೋಲದವರ ಹಾಗೆ ದರ ಏರಿಸುತ್ತಾರೆ. 'ಈ ಶಾಲೆ ಇಲ್ಲದಿದ್ದರೆ ನಿಮ್ಮ ಮಗು ಈಗ ಎಲ್ಲಿರುತ್ತಿತ್ತು' ಎಂದು ಕೇಳುತ್ತಿದ್ದೆ. ಆಗ ನಿಜ ಹೊರಬೀಳುತ್ತಿತ್ತು. ಕಿರಿಯ ಸಹೋದ್ಯೋಗಿಗಳಿಗೆ ನಾನು ಬಿಟ್ಟು ಬಂದದ್ದು ಈ ಒಂದು ಪ್ರಶ್ನೆ ಮಾತ್ರ.

ನಿವೃತ್ತಿಯಾಗಿ ಈಗ ಅಂಕೋಲೆಯ ಮನೆಯಲ್ಲಿದ್ದೇನೆ. ಮೊನ್ನೆ ಮೀನು ಪೇಟೆಯಲ್ಲಿ ಶೇವಂತಿ ಸಿಕ್ಕಳು. ಮಗ ಐದನೇ ಇಯತ್ತೆ ಎಂದಳು. ನಾನು ಕೇಳಿದಷ್ಟು ಬಂಗಡೆ ಎಣಿಸಿ, ಮೇಲೆ ಎರಡು ಹಾಕಿದಳು.

"ಇದೆಂತಕೆ?"

"ಇದು ಲೆಕ್ಕಕ್ಕಿಲ್ಲ. ನೀವೀಗ ರಿಟೈರ್ ಅಲಾ?"

ಬುಟ್ಟಿಯ ಸುತ್ತ ಬಿಗಿದ ನೀಲಿ ಬಲೆ ಹಗ್ಗದ ಮೇಲೆ ನನ್ನ ಕಣ್ಣು ಹೋಯಿತು. ಆಕೆ ಅದನ್ನು ಗಮನಿಸಿದಳು.

"ಹೌದು, ಅದೇಯಾ. ಗಟ್ಟಿ ಇತ್ತು, ಬಿಸಾಡೂದು ಎಂತಕೆ?" ಎಂದು ನಕ್ಕಳು.

ಮೀನು ತಗೊಂಡೆ. ಬೇಡ ಎನ್ನುವ ಅಧಿಕಾರ ಈಗ ನನಗಿರಲಿಲ್ಲ.