ಲಿಫ್ಟ್ ಕೊಡುವವರ ಊರಿನಲ್ಲಿ ವಾಕಿಂಗ್

‘ಯಾರೂ ನಿಮ್ಮನ್ನು ನೋಡುವುದಿಲ್ಲ, ಎಲ್ಲರೂ ಅವರವರ ಪಾಡಿಗೆ ಇರುತ್ತಾರೆ, ಆದ್ದರಿಂದ ಸಂಕೋಚ ಬಿಟ್ಟು ಇವತ್ತೇ ಶುರುಮಾಡಿ’ ಎಂದು ಮೊಬೈಲಿನಲ್ಲಿ ಬರುವ ಫಿಟ್‌ನೆಸ್ ಗುರುಗಳೆಲ್ಲ ಒಂದೇ ಸ್ವರದಲ್ಲಿ ಹೇಳುತ್ತಾರೆ. ಈ ವಾದವನ್ನು ನಾನು ಖಂಡಿಸುತ್ತೇನೆ. ಇದನ್ನು ಹೇಳಿದವರು ಯಾರೂ ನಮ್ಮೂರು ನರಿಕೊಂಬಿನ ರಸ್ತೆಯಲ್ಲಿ ಬೆಳಿಗ್ಗೆ ಆರೂಕಾಲಿಗೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಹತ್ತು ಹೆಜ್ಜೆ ನಡೆದವರಲ್ಲ. ನಮ್ಮಲ್ಲಿ ಎಲ್ಲರೂ ನೋಡುತ್ತಾರೆ. ನೋಡಿ ಸುಮ್ಮನಾದರೂ ಆಗಬಹುದಿತ್ತು. ಗಾಡಿ ನಿಲ್ಲಿಸುತ್ತಾರೆ.

ವಾದ ಮಾಡುವುದು ನನಗೆ ಹೈಸ್ಕೂಲಿನಿಂದ ಅಂಟಿದ ಚಟ. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಎರಡಕ್ಕೂ ನನ್ನ ಹತ್ತಿರ ಅಷ್ಟೇ ಪ್ರಾಮಾಣಿಕವಾದ ಸಿಟ್ಟು ಸಿದ್ಧವಿರುತ್ತಿತ್ತು. ಕಾಲೇಜಿನಲ್ಲಿದ್ದಾಗ ಬೆಳ್ತಂಗಡಿಯ ಒಂದು ಸ್ಪರ್ಧೆಯಲ್ಲಿ ‘ಯುವಜನರಿಗೆ ವ್ಯಾಯಾಮ ಕಡ್ಡಾಯವಾಗಬೇಕು’ ಎಂಬ ವಿಷಯದ ಪರವಾಗಿ ಮಾತಾಡಿ ಮೊದಲ ಬಹುಮಾನ ಗೆದ್ದಿದ್ದೇನೆ. ಸಭಾಂಗಣ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದ ಏದುಸಿರು ವೇದಿಕೆಗೆ ಬಂದರೂ ಇಳಿದಿರಲಿಲ್ಲ. ಪ್ರತಿ ವಾಕ್ಯದ ನಡುವೆ ನಾನು ಉಸಿರಿಗಾಗಿ ನಿಂತದ್ದನ್ನು ತೀರ್ಪುಗಾರರು ತುಂಬಿ ಬಂದ ಭಾವವೆಂದು ತಿಳಿದು ಭಾವಾಭಿವ್ಯಕ್ತಿಗೆ ಪೂರ್ತಿ ಅಂಕ ಕೊಟ್ಟರು. ಆ ಬಹುಮಾನದ ಫಲಕ ಈಗಲೂ ಮನೆಯಲ್ಲಿ ಉಂಟು. ಉಪ್ಪಿನಕಾಯಿ ಭರಣಿಯ ಮುಚ್ಚಳ ಜಾರದ ಹಾಗೆ ಅಮ್ಮ ಅದನ್ನು ಭಾರಕ್ಕೆ ಇಟ್ಟಿದ್ದಾರೆ. ವ್ಯಾಯಾಮದ ಪರವಾಗಿ ನಮ್ಮ ಮನೆಯಲ್ಲಿ ಯಾವುದಾದರೂ ವಸ್ತು ಇಷ್ಟು ವರ್ಷ ಕೆಲಸ ಮಾಡಿದ್ದರೆ ಅದೊಂದೇ.

ಇಂಥ ನನಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬಿ.ಸಿ. ರೋಡಿನ ಡಾಕ್ಟರು ರಕ್ತಪರೀಕ್ಷೆಯ ಕಾಗದ ಮುಂದಿಟ್ಟು, “ಶುಗರ್ ಬಾರ್ಡರಿನಲ್ಲಿ ಉಂಟು. ಮೂರು ತಿಂಗಳು ದಿನಕ್ಕೆ ನಲವತ್ತು ನಿಮಿಷ ನಡೆಯಿರಿ. ಇಳಿದರೆ ಇಳಿಯಿತು, ಇಲ್ಲದಿದ್ದರೆ ಮಾತ್ರೆ ಶುರುಮಾಡುವ” ಎಂದರು. ಪ್ರತಿವಾದ ಹೂಡಲು ಬಾಯಿ ತೆರೆದೆ. ಆದರೆ ನಮ್ಮ ಅಪ್ಪನ ಎಡಗಾಲಿನ ಎರಡು ಬೆರಳು ಹೋದದ್ದು ಇದೇ ಕಾಯಿಲೆಯಿಂದ. ಚಪ್ಪಲಿ ಹಾಕುವಾಗ ಅವರು ಗೋಡೆ ಹಿಡಿದು ನಿಲ್ಲುವುದನ್ನು ದಿನಾ ನೋಡುವವನ ಬಳಿ ಆ ವಿಷಯದಲ್ಲಿ ದೊಡ್ಡ ವಾದವೇನೂ ಇರುವುದಿಲ್ಲ. ಬಾಯಿ ಮುಚ್ಚಿಕೊಂಡು ಬಂದೆ. ಅಪ್ಪನಿಗೆ ಹೇಳಲಿಲ್ಲ.

ಮರುದಿನವೇ ಹೊರಟೆ. ನಮ್ಮ ಕಡೆ ನಡಿಗೆಗೆ ಒಂದು ಶಾಸ್ತ್ರ ಉಂಟು ಎಂಬುದು ಆಮೇಲೆ ಅರ್ಥವಾಯಿತು. ಇಲ್ಲಿ ಮನುಷ್ಯ ನಡೆಯುವುದು ಎಲ್ಲಿಗಾದರೂ ಹೋಗಲಿಕ್ಕೆ. ಅಂಗಡಿಗೆ, ಬಸ್ಸಿಗೆ, ಸಾವಿನ ಮನೆಗೆ. ಕೈಯಲ್ಲಿ ಚೀಲ ಇದ್ದರೆ ಅಂಗಡಿ, ಕೊಡೆ ಇದ್ದರೆ ಬಸ್ಸು, ಏನೂ ಇಲ್ಲದೆ ಬೇಗ ಬೇಗ ನಡೆದರೆ ಸಾವಿನ ಮನೆ. ಬರಿಗೈಯಲ್ಲಿ, ಬೂಟು ಹಾಕಿಕೊಂಡು, ಎಲ್ಲಿಗೂ ಅಲ್ಲದೆ ಹೋಗಿ ಅಲ್ಲಿಂದಲೇ ತಿರುಗಿ ಬರುವವನನ್ನು ಯಾವ ಪಟ್ಟಿಗೆ ಸೇರಿಸುವುದೆಂದು ಜನರಿಗೆ ಗೊತ್ತಿಲ್ಲ. ಪಾಪ, ಅವರು ಬಸ್ಸು ತಪ್ಪಿದವನ ಪಟ್ಟಿಗೆ ಸೇರಿಸಿ ಗಾಡಿ ನಿಲ್ಲಿಸುತ್ತಾರೆ. ಮೊದಲ ದಿನ ಒಂದು ಆಟೊ, ಎರಡು ಬೈಕು ನಿಂತವು. ನಾಲ್ಕನೆಯದಾಗಿ ಕಾರಿನ ಗಾಜು ಇಳಿಸಿದ ದೂರದ ಸಂಬಂಧಿಯೊಬ್ಬರು ದನಿ ತಗ್ಗಿಸಿ, “ಯಾರಿಗೆ ಹುಷಾರಿಲ್ಲ?” ಎಂದು ಕೇಳಿದರು.

ನಿಜ ಹೇಳಿದರೆ ಆಯಿತಲ್ಲ ಎನ್ನುತ್ತೀರಿ. ಹೇಳಿ ನೋಡಿ. ‘ಆರೋಗ್ಯಕ್ಕಾಗಿ ನಡೆಯುತ್ತಿದ್ದೇನೆ’ ಎಂದ ತಕ್ಷಣ ಎದುರಿನವರು, “ಎಂತ, ಶುಗರಾ?” ಎನ್ನುತ್ತಾರೆ. ಏಳು ಗಂಟೆಗೆ ಹಾಲಿನ ಸೊಸೈಟಿಗೆ ಸುದ್ದಿ ಮುಟ್ಟುತ್ತದೆ, ಮಧ್ಯಾಹ್ನ ಗುರುವಾಯನಕೆರೆಯ ಅತ್ತೆ ಫೋನು ಮಾಡಿ ಹಾಗಲಕಾಯಿ ರಸದ ಅಳತೆ ಹೇಳುತ್ತಾರೆ, ಸಂಜೆ ಅಪ್ಪ ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಈ ಕೊನೆಯದು ನನಗೆ ಬೇಡವಾಗಿತ್ತು. ಸಾವಿರ ಜನರ ಎದುರು ಮೈಕು ಹಿಡಿದು ಗುಡುಗಿದವನಿಗೆ ಒಬ್ಬನೇ ಒಬ್ಬ ಸ್ಕೂಟರ್ ಸವಾರನ ಎದುರು ‘ಸುಮ್ಮನೆ ನಡೆಯುತ್ತಿದ್ದೇನೆ’ ಎನ್ನಲು ನಾಲಗೆ ಏಳಲಿಲ್ಲ.

ಆ ಸ್ಕೂಟರ್ ಸವಾರ ನಮ್ಮ ಸಂಜೀವಣ್ಣ. ಕುವೈತಿನಲ್ಲಿ ಇಪ್ಪತ್ತು ವರ್ಷ ಕ್ರೇನ್ ಓಡಿಸಿ ಬಂದು ಈಗ ಎರಡು ದನ ಸಾಕಿಕೊಂಡಿರುವವರು. ದಿನಾ ಬೆಳಿಗ್ಗೆ ಹಾಲಿನ ಕ್ಯಾನನ್ನು ಕಾಲಿನ ನಡುವೆ ಇಟ್ಟುಕೊಂಡು ಸೊಸೈಟಿಗೆ ಹೋಗುವವರು. ಎರಡನೆಯ ದಿನ ನನ್ನ ಪಕ್ಕದಲ್ಲೇ ಬ್ರೇಕು ಹಾಕಿದರು.

“ಎಲ್ಲಿಗೆ ಹೊರಟದ್ದು ಇಷ್ಟು ಬೇಗ?”

“ಮಿಜಾರಿಗೆ. ಕಾಲೇಜಿನಲ್ಲಿ ಸ್ಪೆಷಲ್ ಕ್ಲಾಸ್ ಉಂಟು” ಎಂದೆ. ನಾನು ಅಲ್ಲಿ ಪಾಠ ಮಾಡುವುದು ನಿಜ. ಉಳಿದದ್ದು ಸುಳ್ಳು.

“ಈ ಪ್ಯಾಂಟಿನಲ್ಲಾ?”

“ಸ್ಪೋರ್ಟ್ಸ್ ಡೇ ಬರ್ತಾ ಉಂಟಲ್ಲ.”

“ಕೂತ್ಕೊ ಮಾರಾಯ, ಬಸ್‌ಸ್ಟಾಪಿಗೆ ಬಿಡ್ತೇನೆ. ನಡೆದು ಎಂತ ಸಾಯುದಾ?”

ನಡೆಯದಿದ್ದರೆ ಸಾಯುವುದು ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳುವುದು ಹೇಗೆ? ನಮ್ಮಲ್ಲಿ ಲಿಫ್ಟ್ ಬೇಡ ಎನ್ನುವುದು ಊಟಕ್ಕೆ ಬಡಿಸಿದ ಮೇಲೆ ಎಲೆಯಿಂದ ಎದ್ದ ಹಾಗೆ. ಕುಳಿತೆ. ಹೀಗೆ ನನ್ನ ವಾಕಿಂಗ್ ದಿನಾ ಸ್ಕೂಟರಿನಲ್ಲಿ ಶುರುವಾಯಿತು. ಮೊಬೈಲಿನ ಹೆಜ್ಜೆ ಎಣಿಸುವ ಆ್ಯಪ್ ರಸ್ತೆಯ ಹೊಂಡಗಳನ್ನೆಲ್ಲ ಹೆಜ್ಜೆಯೆಂದು ಲೆಕ್ಕ ಹಿಡಿದು, ನೀವು ಅದ್ಭುತ ಎಂದು ನನ್ನನ್ನು ಅಭಿನಂದಿಸಿತು. ಪಂಚಾಯತಿನ ರಸ್ತೆ ನಿರ್ವಹಣೆಗೆ ಸಿಕ್ಕ ಏಕೈಕ ಪ್ರಶಸ್ತಿ ಅದೇ ಇರಬೇಕು.

ಬಸ್‌ಸ್ಟಾಪಿನಲ್ಲಿ ಇಳಿಸಿ ಹೋಗುತ್ತಿದ್ದರೆ ನಾನು ಅಲ್ಲಿಂದಲೇ ಮನೆಗೆ ನಡೆದುಕೊಂಡು ಬರುತ್ತಿದ್ದೆ. ಆದರೆ ಸಂಜೀವಣ್ಣ ಹೋಗುವವರಲ್ಲ. ಬಸ್ಸು ಬರುವವರೆಗೆ ನಿಲ್ಲುತ್ತಿದ್ದರು. ಬಂದ ಮೇಲೆ ನಾನು ಹತ್ತುವವರೆಗೆ ನಿಲ್ಲುತ್ತಿದ್ದರು. ಕಿಟಕಿಯಿಂದ ನೋಡಿದರೆ ಬಸ್ಸು ತಿರುವು ದಾಟುವವರೆಗೂ ಸ್ಕೂಟರಿನ ಮೇಲೆ ಕುಳಿತು, ಒಂದು ಕಾಲು ನೆಲಕ್ಕೂರಿ ನನ್ನನ್ನೇ ನೋಡುತ್ತಿರುತ್ತಿದ್ದರು. ಸ್ವಂತ ಮಾವನೂ ಇಷ್ಟು ಪ್ರೀತಿ ತೋರಿಸಲಿಕ್ಕಿಲ್ಲ ಎಂದುಕೊಂಡು ನಾನೂ ಕಿಟಕಿಯಿಂದ ಕೈ ಬೀಸುತ್ತಿದ್ದೆ.

ಬೇರೆ ದಾರಿ ಇಲ್ಲದೆ ಮುಂದಿನ ಸ್ಟಾಪಿಗೆ ಟಿಕೆಟು ತೆಗೆದು ಇಳಿದು, ಹೊಳೆಬದಿಯ ಕಾಲುದಾರಿ ಹಿಡಿದು ಮನೆಗೆ ನಡೆಯತೊಡಗಿದೆ. ಗಡಿಯಾರ ನೋಡಿದರೆ ಸರಿಯಾಗಿ ನಲವತ್ತು ನಿಮಿಷ! ಸತ್ಯ ನನ್ನನ್ನು ಒಂದು ಹೆಜ್ಜೆಯೂ ನಡೆಸದಿದ್ದಾಗ ಸುಳ್ಳು ದಿನಾ ಮೂರು ಕಿಲೋಮೀಟರು ನಡೆಸಿತು. ನೀತಿಪಾಠದ ಪುಸ್ತಕ ಬರೆಯುವವರು ದಯವಿಟ್ಟು ಗಮನಿಸಬೇಕು. ಸುಳ್ಳಿಗೆ ತಕ್ಕ ವೇಷವೂ ಬೇಕಾಯಿತು. ಟ್ರ್ಯಾಕ್ ಪ್ಯಾಂಟು ಮಡಚಿಟ್ಟು ಇಸ್ತ್ರಿ ಹಾಕಿದ ಪ್ಯಾಂಟು ಶರಟು ಧರಿಸಿ, ಹೆಗಲಿಗೆ ಖಾಲಿ ಬುತ್ತಿಡಬ್ಬಿ ಇರುವ ಚೀಲ ಹಾಕಿ ವ್ಯಾಯಾಮ ಮಾಡಿದ ಮೊದಲ ಮನುಷ್ಯ ನಾನಿರಬಹುದು. ಮನೆಗೆ ಬಂದು ಬೆವರು ತೊಳೆದು, ಎಂಟು ಗಂಟೆಗೆ ಅದೇ ವೇಷದಲ್ಲಿ ನಿಜವಾದ ಕಾಲೇಜಿಗೆ ಹೊರಡುತ್ತಿದ್ದೆ. ಆಗ ಸಂಜೀವಣ್ಣ ಹಟ್ಟಿಯಲ್ಲಿ ದನ ತೊಳೆಯುತ್ತಿರುತ್ತಾರೆ ಎಂಬ ಧೈರ್ಯ. ಇದನ್ನೆಲ್ಲ ಕಂಡು ಬಸ್ಸಿನ ಕಂಡಕ್ಟರು ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟರು:

“ಇಷ್ಟಕ್ಕೆ ನಡ್ಕೊಂಡು ಹೋಗ್ಬಹುದಲ್ಲ ಸರ್? ಆರೋಗ್ಯಕ್ಕೂ ಒಳ್ಳೇದು.”

ಅಷ್ಟು ಚಂದದ ವಾದವನ್ನು ನಾನು ಅಂತರ ಕಾಲೇಜು ಮಟ್ಟದಲ್ಲೂ ಕೇಳಿಲ್ಲ.

ಹೀಗೆ ಮೂರು ತಿಂಗಳು ಆಗುತ್ತ ಬಂತು. ಪ್ಯಾಂಟು ಸೊಂಟದಲ್ಲಿ ಸಡಿಲವಾಯಿತು. ಮತ್ತೆ ರಕ್ತ ಕೊಡುವ ಸೋಮವಾರ ಹತ್ತಿರವಾಯಿತು. ಕಳೆದ ಗುರುವಾರ ಹೊಳೆಬದಿಯ ದಾರಿಯಲ್ಲಿ ಪೈಪು ಹಾಕಲು ಅಗೆದಿದ್ದರಿಂದ ನಾನು ಮುಚ್ಚಿದ ಹಂಚಿನ ಕಾರ್ಖಾನೆಯ ಅಂಗಳದ ಮೂಲಕ ಬರಬೇಕಾಯಿತು. ವರ್ಷಗಳಿಂದ ಬೀಗ ಹಾಕಿದ ಜಾಗ; ಕುಸಿದ ಗೋಡೆಯ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರಬಹುದು. ಒಳಗೆ ಕಾಲಿಟ್ಟರೆ ಹಂಚಿನ ರಾಶಿಯ ಹಿಂದೆ ಪರಿಚಯದ ಸ್ಕೂಟರು. ಅಂಗಳದಲ್ಲಿ ಸಂಜೀವಣ್ಣ. ಎತ್ತಿ ಕಟ್ಟಿದ ಲುಂಗಿ, ಕೆಳಗೆ ಕುವೈತಿನ ಬಿಳಿ ಬೂಟು. ಎಡಗೈ ಸೈನಿಕನ ಹಾಗೆ ಬೀಸುತ್ತಿತ್ತು, ಬಲಗೈಯಲ್ಲಿ ಖಾಲಿ ಹಾಲಿನ ಕ್ಯಾನು. ಸುತ್ತು ಹಾಕುತ್ತಿದ್ದರು. ಅವರ ಕಾಲಿನಿಂದ ನೆಲದಲ್ಲಿ ಹುಲ್ಲು ಸತ್ತು ಉರುಟು ದಾರಿಯೇ ಬಿದ್ದಿತ್ತು. ಅದು ಒಂದು ವಾರದಲ್ಲಿ ಬೀಳುವಂಥ ದಾರಿಯಲ್ಲ.

ಇಬ್ಬರೂ ನಿಂತೆವು. ಮೊದಲು ಸುಧಾರಿಸಿಕೊಂಡವರು ಅವರೇ.

“ಬಸ್ಸು ಹಾಳಾಯ್ತಾ?”

“ಹೌದು” ಎಂದೆ. “ನಿಮ್ಮ ಸ್ಕೂಟರ್?”

“ಬಿಸಿ ಆಗಿತ್ತು. ಸ್ವಲ್ಪ ತಣ್ಣಗಾಗ್ಲಿ ಅಂತ.”

“ಕೈ ಬೀಸಿದ್ರೆ ಬೇಗ ತಣ್ಣಗಾಗ್ತದಾ ಸಂಜೀವಣ್ಣ?”

ಅವರು ಕ್ಯಾನು ಕೆಳಗಿಟ್ಟು ಹಂಚಿನ ರಾಶಿಯ ಮೇಲೆ ಕುಳಿತರು. ನನ್ನ ಬೆವೆತ ಶರಟನ್ನು, ಸಡಿಲ ಪ್ಯಾಂಟನ್ನು, ಧೂಳು ಹಿಡಿದ ಬೂಟನ್ನು ನಿಧಾನವಾಗಿ ನೋಡಿದರು.

“ನಿಂದೆಷ್ಟು ಉಂಟು?”

“ಬಾರ್ಡರಿನಲ್ಲಿ.”

“ನಂದು ಬಾರ್ಡರ್ ದಾಟಿ ಒಂದು ವರ್ಷ ಆಯ್ತು. ಮನೆಯಲ್ಲಿ ಗೊತ್ತಿಲ್ಲ. ಸೊಸೈಟಿಯಲ್ಲಿ ಗೊತ್ತಾದ್ರೆ ನಾಳೆಯಿಂದ ಯಾರೂ ಚಾಕ್ಕೆ ಸಕ್ಕರೆ ಹಾಕುದಿಲ್ಲ ಮಾರಾಯ.”

ಆಗ ನನಗೆ ಎಲ್ಲ ಹೊಳೆಯಿತು. ತಿರುವು ದಾಟುವವರೆಗೆ ನಿಂತು ನೋಡಿದ ಆ ಪ್ರೀತಿ! ಬಸ್ಸು ನಿಜವಾಗಿ ಹೋಯಿತಲ್ಲ, ಸಾಕ್ಷಿ ಊರು ಬಿಟ್ಟಿತಲ್ಲ ಎಂದು ಅವರು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಹನ್ನೆರಡು ವರ್ಷ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಉದ್ದೇಶ ಬಗೆದವನು ಮೂರು ತಿಂಗಳು ಒಬ್ಬ ಕ್ರೇನ್ ಡ್ರೈವರನ ಮುಖ ಓದಲಾರದೆ ಹೋದೆ. ಅವರು ನನ್ನನ್ನು ಎತ್ತಿ ಬೇಕಾದ ಕಡೆ ಇಳಿಸಿದ್ದರು, ಇಪ್ಪತ್ತು ವರ್ಷದ ಅನುಭವದಿಂದ.

ಫಿಟ್‌ನೆಸ್ ಗುರುಗಳಿಗೆ ಅರ್ಧ ಅಂಕ ಕೊಡಬೇಕಾಗಿದೆ, ಬೇಸರದಿಂದಲೇ ಕೊಡುತ್ತೇನೆ. ಎಲ್ಲರೂ ನೋಡುತ್ತಾರೆ ಎಂಬ ನನ್ನ ವಾದ ಹಾಗೆಯೇ ನಿಂತಿದೆ. ಆದರೆ ಅವರಲ್ಲಿ ಎಷ್ಟೋ ಜನ ನೋಡುವುದು, ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು.

ಸಂಜೀವಣ್ಣ ಎದ್ದು ಲುಂಗಿ ಇಳಿಸಿದರು, ಬೂಟು ಬಿಚ್ಚಿ ಸೀಟಿನ ಕೆಳಗಿನ ಡಬ್ಬದಲ್ಲಿ ಅಡಗಿಸಿದರು, ಚಪ್ಪಲಿ ಮೆಟ್ಟಿದರು. ಸ್ಕೂಟರು ಹೊರಗೆ ತಂದು ಸ್ಟಾರ್ಟ್ ಮಾಡಿ, ಅಭ್ಯಾಸಬಲದಿಂದ ಹಿಂದಿನ ಸೀಟು ತಟ್ಟಿದರು.

“ಕೂತ್ಕೊ. ಮನೆಗೆ ಬಿಡ್ತೇನೆ.”

ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಸೋಮವಾರಕ್ಕೆ ಇನ್ನು ನಾಲ್ಕು ದಿನ. ರಸ್ತೆಯಲ್ಲಿ ಆಗಲೇ ಜನ ಓಡಾಡುತ್ತಿದ್ದರು. ನಾನು ಸೀಟಿನ ಮೇಲೆ ಕೈಯಿಟ್ಟೆ, ಹತ್ತಲಿಲ್ಲ.

“ಸಂಜೀವಣ್ಣ, ನಂದು ನಿಮಗೆ ಗೊತ್ತಾಯ್ತು, ನಿಮ್ದು ನನಗೆ ಗೊತ್ತಾಯ್ತು. ಇನ್ನೂ ಸ್ಕೂಟರಲ್ಲೇ ಹೋಗುದಾದ್ರೆ, ನಾವಿಬ್ರು ಈಗ ಹೆದರುದು ಯಾರಿಗೆ?”