ಉಬ್ಬಣ್ಣನ ಜಾಡಿಗೆ ಒಂದು ಹಿಡಿ ಉಪ್ಪು

ಎದುರುಮನೆ ಅಕ್ಕ ಬ್ರೆಡ್ಡಿಗೆಂದು ಮೊದಲ ಸಲ ಬೀದಿಯ ಬೇಕರಿಯ ಮೆಟ್ಟಿಲು ಹತ್ತಿದಾಗ ಒಳಗಿನಿಂದ, "ಊಟ ಆಯ್ತಾ ಮರಿ? ಇನ್ನೊಂಚೂರು ಹಾಕ್ಲಾ?" ಎಂಬ ದನಿ ಕೇಳಿಸಿತು. ಇಣುಕಿದರೆ ಮಗುವಿಲ್ಲ. ಬೇಕರಿಯವನು, ಬ್ರೆಡ್ಡಿಗೆ ಹೆಪ್ಪಾಗಿ ಬೆರೆಸುವ ಹುಳಿಹಿಟ್ಟಿನ ಜಾಡಿಗೆ ಹೊಸ ಹಿಟ್ಟು ಉಣಿಸುತ್ತಿದ್ದ. ಕೆನ್ನೆಗಳು ಅವನ ಬನ್ನಿನಂತೆಯೇ ಊದಿದ್ದರಿಂದ ಬೀದಿಯವರ ಬಾಯಲ್ಲಿ ಅವನು ಉಬ್ಬಣ್ಣ.

"ಇದೇನಪ್ಪಾ, ಜಾಡಿಗೆ ಜೀವ ಇದ್ಯಾ?"

"ಕೋಟಿ ಕೋಟಿ ಇವೆ ಅಕ್ಕಾ. ಒಂದೊಂದೂ ಒಂದೇ ಜೀವಕೋಶ. ಬಾಯಿಲ್ಲ, ಹೊಟ್ಟೆಯಿಲ್ಲ. ಆದ್ರೂ ಹಿಟ್ಟಿನ ಸಕ್ಕರೆ ಮುರಿದು ಅದರ ಶಕ್ತಿ ಬಿಡಿಸ್ಕೊಳ್ತವೆ, ಗಾಳಿ ಆಚೆ ಬಿಡ್ತವೆ. ಅದಕ್ಕೇ ಬ್ರೆಡ್ಡು ಉಬ್ಬೋದು."

"ಥೂ! ಅವು ಬಿಟ್ಟ ಗಾಳೀನ ನಾವು ತಿನ್ನೋದಾ?"

"ನಿಮ್ಮ ಮೈ ತುಂಬಾನೂ ಜೀವಕೋಶಗಳೇ. ನೀವು ಎಳ್ಕೊಂಡ ಉಸಿರಲ್ಲಿ ನಿಮ್ಮ ಊಟನ ಬೆಂಕಿಯಿಲ್ದೆ ಉರಿಸ್ತವೆ. ಮೈ ಬೆಚ್ಚಗಿರೋದು ಮತ್ಯಾಕೆ? ಇವಕ್ಕೆ ಹಿಟ್ಟೊಳಗೆ ಉಸಿರು ಸಾಲಲ್ಲ, ಅರೆಬರೆ ಉರಿಸ್ತವೆ."

ಮುಂದೆ ಕಣ್ಣಿನ ಆಪರೇಷನ್ನಿಗೆ ಹೊರಟಾಗ ಉಬ್ಬಣ್ಣ ಜಾಡಿಯನ್ನು ಅಕ್ಕನ ಮಡಿಲಿಗೇ ಹಾಕಿದ. "ಅಪ್ಪನ ಕಾಲದ್ದು. ಇದು ಸತ್ರೆ ಅಂಗಡಿ ಬಾಗಿಲು ಹಾಕ್ದಂಗೇ. ದಿನಾ ಹಿಟ್ಟು, ನೀರು. ಅಷ್ಟೇ."

ಉಪ್ಪಿಲ್ಲದ ಊಟವನ್ನು ಅಕ್ಕ ಜನ್ಮದಲ್ಲೇ ಬಡಿಸಿದವಳಲ್ಲ. ಕಂಡವರ ಮಕ್ಕಳಿಗೆ ಸಪ್ಪೆ ಹಾಕುವುದೇ? ಧಾರಾಳವಾಗಿ ಒಂದು ಹಿಡಿ ಬೆರೆಸಿದಳು. ಮರುದಿನ ಜಾಡಿಯಲ್ಲಿ ಒಂದು ಗುಳ್ಳೆಯಿಲ್ಲ.

ಉಬ್ಬಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದ. ಜಾಡಿಗೆ ಕಿವಿಯಿಟ್ಟ. ಬೆರಳದ್ದಿ ನೆಕ್ಕಿದ.

"ಅಕ್ಕಾ, ಉಪ್ಪು ಹಾಕಿದ್ರಾ?"

"ಮತ್ತೆ, ರುಚಿಗೆ ಬೇಡ್ವಾ?"

"ನಾಲಗೆನೇ ಇಲ್ದವಕ್ಕೆ ಎಂಥಾ ರುಚಿ! ಉಪ್ಪು ಅವುಗಳ ಮೈನೀರೆಲ್ಲ ಹೀರ್ಕೊಂಡ್ಬಿಟ್ಟಿದೆ. ಮುಗೀತು ನನ್ನ ಕಥೆ!"

ಅಕ್ಕ ಜಾಡಿಯಿಂದ ಒಂದು ಚಮಚದಷ್ಟನ್ನು ಬಟ್ಟಲಿಗೆ ತೆಗೆದು, ಹೊಸ ಹಿಟ್ಟು, ಉಗುರುಬೆಚ್ಚಗಿನ ನೀರು ಕಲಸಿ, ಬಾಣಂತಿಯಂತೆ ಒಲೆಯ ಮಗ್ಗುಲಲ್ಲಿಟ್ಟಳು. ಆಗಾಗ ಅಷ್ಟು ತೆಗೆದು, ಇಷ್ಟು ಬೆರೆಸಿ, ಉಪ್ಪಿನ ಸೊಕ್ಕು ಮುರಿಯುತ್ತಾ ಬಂದಳು. ಕೊನೆಗೆ ಗುಳ್ಳೆಯೊಂದು ಪುಳಕ್ಕೆಂದಿತು. ಪಟ್ಟಿ ಬಿಚ್ಚಿದ ಉಬ್ಬಣ್ಣ ಮೊದಲು ನೋಡಿದ್ದು ಆ ಬಟ್ಟಲನ್ನು; ಹೆಂಡತಿಯ ಮುಖ ಆಮೇಲೆ. ಆಕೆ ಅದನ್ನು ಬಹುಕಾಲ ಎತ್ತಿ ಆಡಿದಳು.

ಮುಪ್ಪಿನಲ್ಲಿ ಉಬ್ಬಣ್ಣನ ಎದೆ ಸೋತಿತು. ಡಾಕ್ಟರು ಉಪ್ಪು ಮುಟ್ಟಕೂಡದೆಂದರು. ಅಕ್ಕ ಜಾಡಿಗೆ ಉಣಿಸಿ, ಆಸ್ಪತ್ರೆಗೆ ಗಂಜಿ ಒಯ್ದಳು. ಒಂದು ಗುಟುಕು ಕುಡಿದವನು ಮುಖ ಕಿವುಚಿ ಕೇಳಿದ:

"ಅಲ್ಲಕ್ಕಾ, ಜಾಡಿಗೆ ಹಿಡಿಗಟ್ಟಲೆ ಹಾಕಿದ ಕೈಗೆ ನಂಗೊಂದು ಚಿಟಿಕೆ ಹಾಕೋಕೆ ಏನಾಗಿತ್ತು?"